ಅಂಗವಿಕಲರ ಮಾಸಾಶನವೂ ಸರಕಾರದ ಮೌನವೂ

ಕಡುಬಡವನೂ ತೀವ್ರ ಅಂಗವಿಕಲನೂ ಆದ ಒಬ್ಬ ಪ್ರಜೆಗೆ ಕೇಂದ್ರ ಸರಕಾರದವರು ತಿಂಗಳಿಗೆ ದಯಪಾಲಿಸುತ್ತಿರುವ ಮಾಸಾಶನವು 300 ರೂಪಾಯಿ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಮಾಸಾಶನ ಯೋಜನೆಯು 2009ರಲ್ಲಿ ಜಾರಿಗೆ ಬಂದಾಗ ಈ ಮೊತ್ತವು 200 ಇದ್ದಿತು. 2012ರಲ್ಲಿ ಅದಕ್ಕೆ ನೂರು ರೂಪಾಯಿಗಳನ್ನು ಕೂಡಿಸಲಾಯಿತು. ಅಂದಿನಿಂದ 2025-26ರ ಆಯವ್ಯಯದ ವರೆಗೆ ಎಷ್ಟೋ ಮುಂಗಡ ಪತ್ರಗಳು ಲೋಕಸಭೆಯ ಮುಂದೆ ಬಂದು ಹೋದವು. ಆ 300 ಮಾತ್ರ 300 ಆಗಿಯೇ ಉಳಿಯಿತು. ದಿನವೊಂದಕ್ಕೆ ಲೆಕ್ಕ ಹಾಕಿದರೆ ಹತ್ತು ರೂಪಾಯಿ. ಇದೇ ಸರಕಾರದವರು ಉದ್ಯೋಗ ಖಾತರಿಯ ಕೆಲಸಕ್ಕಾಗಿ 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ಕೂಲಿಯು ದಿನಕ್ಕೆ 370 ರೂಪಾಯಿ. ಅಂದ ಮೇಲೆ ಗುದ್ದಲಿ ಹಿಡಿಯಬಲ್ಲವನ ಒಂದು ದಿನದ ಕೂಲಿಗಿಂತ ಅದನ್ನು ಹಿಡಿಯಲಾರದವನ ಒಂದು ತಿಂಗಳಿನ ಜೀವನಾಧಾರವು ಕಡಿಮೆಯೆಂದು ಸರಕಾರದ ಲೆಕ್ಕವೇ ಒಪ್ಪಿಕೊಂಡಂತಾಯಿತು.

ಬಡವರ ಪಾಲನ್ನು ಕಡಿಮೆ ಮಾಡುವುದಕ್ಕೆ ಎರಡು ದಾರಿಗಳುಂಟು. ಮಂತ್ರಿಯೊಬ್ಬನು ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ಇಷ್ಟು ಕಡಿಮೆ ಕೊಡುತ್ತೇವೆ ಎಂದು ಸಾರುವುದು ಒಂದು ದಾರಿ. ಇದಕ್ಕೆ ಧೈರ್ಯ ಬೇಕು, ವಿರೋಧ ಪಕ್ಷದವರು ಗದ್ದಲವೆಬ್ಬಿಸುವರು, ಪತ್ರಿಕೆಗಳು ಟೀಕಿಸುವುವು. ಇನ್ನೊಂದು ದಾರಿಯು ಬಹು ಸುಲಭವಾದದ್ದು. ಮೊತ್ತವನ್ನು ಮುಟ್ಟದೆ ಸುಮ್ಮನೆ ಇದ್ದುಬಿಡುವುದು. ಅಕ್ಕಿಯ ಬೆಲೆ, ಎಣ್ಣೆಯ ಬೆಲೆ, ಔಷಧದ ಬೆಲೆ, ಮೋಟಾರಿನ ಬಾಡಿಗೆ ಇವು ತಮ್ಮ ಪಾಡಿಗೆ ತಾವು ಏರುತ್ತ ಹೋಗಿ, ಸರಕಾರದವರು ಬಾಯಿ ಬಿಟ್ಟು ಹೇಳಲಾರದ ಕಡಿತವನ್ನು ತಾವೇ ಮಾಡಿ ಮುಗಿಸುತ್ತವೆ. ಸಭೆಯಲ್ಲಿ ಮತ ಹಾಕಿಸುವ ತೊಂದರೆಯಿಲ್ಲ. ಯಾರ ಹೆಸರಿಗೂ ಕಳಂಕವಿಲ್ಲ. 2012ರಿಂದ ಈಚೆಗೆ ದೇಶದಲ್ಲಿ ಬಳಕೆಯ ಸಾಮಾನುಗಳ ಬೆಲೆಗಳು ಹೆಚ್ಚುಕಡಿಮೆ ಇಮ್ಮಡಿಯಾಗಿವೆ. ಆದುದರಿಂದ ಅಂದಿನ 300 ಇಂದು ಸುಮಾರು 150ರ ಕೆಲಸವನ್ನು ಮಾತ್ರ ಮಾಡಬಲ್ಲದು.

ವೃದ್ಧಾಪ್ಯದ ಮಾಸಾಶನದ ಕಥೆಯು ಇದಕ್ಕಿಂತಲೂ ವಿಷಾದಕರವಾದದ್ದು. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವು ಆರಂಭವಾದಾಗ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ ಇದ್ದಿತು. 2006ರಲ್ಲಿ ಅದು 200 ಆಯಿತು. ಎಂಬತ್ತು ದಾಟಿದವರಿಗೆ 2011ರಲ್ಲಿ 500 ಮಾಡಿದರು. ಆದರೆ ಅರವತ್ತರಿಂದ ಎಪ್ಪತ್ತೊಂಬತ್ತರ ವರೆಗಿನವರಿಗೆ 2006ರ ಆ 200ರ ಗೆರೆಯೇ ಕೊನೆಯದಾಯಿತು. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕವನ್ನು ಹಿಡಿದು ನೋಡಿದರೆ 1995ರಿಂದ ಇಂದಿನ ವರೆಗೆ ಬೆಲೆಗಳು ಆರು ಪಟ್ಟಿಗೂ ಮಿಗಿಲಾಗಿ ಏರಿವೆ. ಅಂದಿನ 75 ರೂಪಾಯಿಯ ಕೊಳ್ಳುವ ಶಕ್ತಿಯನ್ನು ಹಾಗೆಯೇ ಉಳಿಸಬೇಕಾಗಿದ್ದರೂ ಇಂದು 450ಕ್ಕಿಂತ ಹೆಚ್ಚು ಕೊಡಬೇಕಾಗುತ್ತಿತ್ತು. ಕೊಡುತ್ತಿರುವುದು 200. ಯೋಜನೆಯು ಹುಟ್ಟಿದ ದಿನ ಒಬ್ಬ ಮುದುಕನ ಕೈಗೆ ಬರುತ್ತಿದ್ದ ಧಾನ್ಯದ ಅರ್ಧವೂ ಮೂವತ್ತು ವರ್ಷಗಳ ಅಭಿವೃದ್ಧಿಯ ತರುವಾಯ ಅವನ ಮಗನ ಕೈಗೆ ಬರುವಂತಿಲ್ಲ. ದೇಶದ ಸಂಪತ್ತು ಈ ಅವಧಿಯಲ್ಲಿ ಎಷ್ಟು ಪಟ್ಟು ಬೆಳೆದಿದೆಯೆಂಬುದನ್ನು ಸರಕಾರದವರು ಪ್ರತಿ ವರ್ಷವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಹೆಮ್ಮೆಯಲ್ಲಿ ನಾವೂ ಪಾಲುದಾರರೇ. ಆದರೆ ಬೆಳೆದ ಸಂಪತ್ತಿನ ಎದುರಿಗೆ ಕುಗ್ಗಿದ ಈ ಕೈತುತ್ತನ್ನು ಇಟ್ಟು ನೋಡುವ ಕರ್ತವ್ಯವೂ ನಮ್ಮದಾಗಿದೆ.

ಬೆಲೆಗಳು ಏರಿದಂತೆ ವೇತನವನ್ನು ಏರಿಸುವ ವಿದ್ಯೆಯು ಸರಕಾರಕ್ಕೆ ತಿಳಿಯದೆಂದು ಯಾರೂ ಹೇಳಲಾರರು. ಎರಡನೆಯ ಮಹಾಯುದ್ಧದ ಕಾಲದ ಕಷ್ಟದಲ್ಲಿ ಬೇರೂರಿದ ತುಟ್ಟಿ ಭತ್ಯೆಯ ಪದ್ಧತಿಯು ಇಂದು ಗಡಿಯಾರದಂತೆ ನಡೆದಿದೆ. ಕೇಂದ್ರದ ನೌಕರರಿಗೂ ನಿವೃತ್ತರಿಗೂ ವರ್ಷಕ್ಕೆರಡು ಬಾರಿ, ಜನೆವರಿಯಿಂದೊಮ್ಮೆ ಜುಲೈಯಿಂದೊಮ್ಮೆ, ಅದೇ ಬೆಲೆ ಸೂಚ್ಯಂಕದ ಆಧಾರದ ಮೇಲೆ ಭತ್ಯೆಯು ಪರಿಷ್ಕೃತವಾಗುತ್ತದೆ. ನಮ್ಮ ವಾಚಕರಲ್ಲಿ ಅನೇಕರು ಸರಕಾರಿ ಕಚೇರಿಗಳಲ್ಲಿರುವವರು. ಈ ಏರಿಕೆಯು ಅವರಿಗೆ ನ್ಯಾಯವಾಗಿ ಸಲ್ಲತಕ್ಕದ್ದೇ ಆಗಿದೆ. ಅದನ್ನು ನಾವು ಅಸೂಯೆಯಿಂದ ನೋಡುವುದಿಲ್ಲ. ಆದರೆ ನಾವು ಕೇಳುವುದಿಷ್ಟೆ: ಕಚೇರಿಯಲ್ಲಿ ಮೇಜಿನ ಈಚೆ ಕುಳಿತವನಿಗೆ ಅಕ್ಕಿಯ ಬೆಲೆ ಏರಿದ್ದರೆ, ಕೋಲೂರಿಕೊಂಡು ಬಂದು ಆ ಮೇಜಿನ ಆಚೆ ನಿಂತವನಿಗೆ ಅದು ಏರಿರಲಿಲ್ಲವೇ? ಒಂದೇ ಪೇಟೆ, ಒಂದೇ ಅಂಗಡಿ, ಒಂದೇ ತಕ್ಕಡಿ. ಸೂಚ್ಯಂಕವೊಂದು ನೌಕರನ ಅಡುಗೆಮನೆಯನ್ನು ಮಾತ್ರ ಬಲ್ಲದಾಗಿ ಅಂಗವಿಕಲನ ಒಲೆಯನ್ನು ಅರಿಯದಾಗಿರುವುದು ಹೇಗೆ?

ಕಾಯದೆ ಮಾಡುವವರ ವಿಷಯದಲ್ಲಂತೂ ಮಾತನ್ನು ಬೆಳೆಸಬೇಕಾಗಿಲ್ಲ. ಪಾರ್ಲಿಮೆಂಟಿನ ಸದಸ್ಯರ ವೇತನವನ್ನು ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆಗೆ ಅನುಸಾರವಾಗಿ ತಾನಾಗಿಯೇ ಏರುವಂತೆ 2018ರಲ್ಲಿ ಏರ್ಪಾಡು ಮಾಡಿಕೊಳ್ಳಲಾಯಿತು. ಅದರ ಮೇರೆಗೆ 2025ರ ಮಾರ್ಚ್ ತಿಂಗಳಲ್ಲಿ ಅವರ ವೇತನವು ಒಂದು ಲಕ್ಷದಿಂದ 1,24,000 ರೂಪಾಯಿಗೆ ಏರಿತು. ಅದೂ ಎರಡು ವರ್ಷ ಹಿಂದಿನ ತಾರೀಖಿನಿಂದ. ಮಾಜಿ ಸದಸ್ಯರ ಮಾಸಾಶನವು 25,000ದಿಂದ 31,000ಕ್ಕೆ ಹೋಯಿತು. ಅದೇ ತಿಂಗಳಲ್ಲಿ ಬೆಂಗಳೂರಿನ ವಿಧಾನಮಂಡಲವು ತನ್ನ ಸದಸ್ಯರ ವೇತನವನ್ನು 40,000ದಿಂದ 80,000ಕ್ಕೆ ಏರಿಸಿಕೊಂಡಿತು. ಈ ಮಸೂದೆಗಳ ಮೇಲೆ ಬಿಸಿ ಚರ್ಚೆ ನಡೆದ ನೆನಪು ನಮಗಿಲ್ಲ. ತಮ್ಮ ಮನೆಯ ಖರ್ಚಿನ ಸಂಗಡ ಬೆಲೆಗಳ ಸಂಬಂಧವನ್ನು ಇಷ್ಟು ಚೆನ್ನಾಗಿ ಗುರುತಿಸಬಲ್ಲ ಮಹನೀಯರು 300 ರೂಪಾಯಿಯವನ ಮನೆಯ ಬಾಗಿಲಲ್ಲಿ ಬಂದಾಗ ಮಾತ್ರ ಅಂಕಗಣಿತವನ್ನು ಮರೆಯುವರೆಂಬುದು ವಿಚಿತ್ರವಾಗಿದೆ.

ಹಾಗೆಂದು ಅಂಗವಿಕಲರಿಗೆ ಈ ವರ್ಷಗಳಲ್ಲಿ ಸರಕಾರದಿಂದ ಏನೂ ದೊರೆಯಲಿಲ್ಲವೆನ್ನುವಂತಿಲ್ಲ. ಹೆಸರುಗಳು ಧಾರಾಳವಾಗಿ ದೊರೆತಿವೆ. ಕುರುಡ, ಕುಂಟ ಎಂದು ಕರೆಯುತ್ತಿದ್ದ ಜನರು ಮೊದಲು ಅಂಗವಿಕಲರಾದರು. ಬಳಿಕ ನಮ್ಮ ರಾಜ್ಯದಲ್ಲಿ ವಿಕಲಚೇತನರಾದರು. ಅದೂ ಸಾಲದೆ ವಿಶೇಷಚೇತನರಾದರು. ದಿಲ್ಲಿಯಲ್ಲಿ 2015ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳ ಸೂಚನೆಯಂತೆ ದಿವ್ಯಾಂಗರಾದರು. ಮಂತ್ರಾಲಯದ ಇಲಾಖೆಯ ಫಲಕವೂ ಅದಕ್ಕೆ ತಕ್ಕಂತೆ ಬದಲಾಯಿತು. ಮನುಷ್ಯನನ್ನು ಅವಮಾನಿಸುವ ಹೆಸರನ್ನು ಬಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಮೊತ್ತವನ್ನು ತಿದ್ದುವುದಕ್ಕಿಂತ ಫಲಕವನ್ನು ತಿದ್ದುವುದು ಅಗ್ಗವೆಂಬುದನ್ನು ಸರಕಾರದವರು ಬೇಗನೆ ಕಂಡುಕೊಂಡರೆಂದು ಹೇಳದಿರಲಾರೆವು.

ಇನ್ನು ವೆಚ್ಚದ ಗಾತ್ರವನ್ನು ನೋಡೋಣ. ವೃದ್ಧರು, ವಿಧವೆಯರು, ಅಂಗವಿಕಲರು, ದುಡಿಯುವವನನ್ನು ಕಳೆದುಕೊಂಡ ಕುಟುಂಬದವರು ಇವರೆಲ್ಲರಿಗೂ ಸೇರಿಸಿ ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮಕ್ಕೆ 2025-26ರಲ್ಲಿ ಇಟ್ಟ ಹಣವು 9,652 ಕೋಟಿ ರೂಪಾಯಿ. ಹಿಂದಿನ ವರ್ಷವೂ 9,652. ಅದರ ಹಿಂದಿನ ವರ್ಷದ ಅಂದಾಜೂ ಅಷ್ಟೇ ಸುಮಾರು. ಗುಮಾಸ್ತನು ಹಳೆಯ ಹಾಳೆಯನ್ನು ನೋಡಿ ಹೊಸ ಹಾಳೆಯಲ್ಲಿ ಬರೆದಿಟ್ಟಂತೆ ಕಾಣುತ್ತದೆ. 2014-15ರ ಅಂದಾಜಿನಲ್ಲಿ ಇದೇ ಕಾರ್ಯಕ್ರಮಕ್ಕೆ ಹತ್ತು ಸಾವಿರ ಕೋಟಿಗಿಂತ ಹೆಚ್ಚು ಹಣವಿದ್ದಿತು. ಆಗ ಕೇಂದ್ರದ ಒಟ್ಟು ವೆಚ್ಚದ ಅಂದಾಜು ಸುಮಾರು 18 ಲಕ್ಷ ಕೋಟಿ. 2025-26ರಲ್ಲಿ ಅದು 50 ಲಕ್ಷ ಕೋಟಿಯನ್ನು ದಾಟಿತು. ಅಂದರೆ ಆಗ ನೂರು ರೂಪಾಯಿ ವೆಚ್ಚದಲ್ಲಿ ಅರವತ್ತು ಪೈಸೆಗೆ ಸಮೀಪವಾಗಿದ್ದ ಈ ಪಾಲು ಈಗ ಹತ್ತೊಂಬತ್ತು ಪೈಸೆಗೆ ಇಳಿದಿದೆ. ಇದರಲ್ಲಿಯೂ ಅಂಗವಿಕಲರ ಭಾಗವು ಅತ್ಯಲ್ಪ. ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದಾರೆಂದು 2011ರ ಜನಗಣತಿಯು ಹೇಳಿತು. ಕೇಂದ್ರದ ಮಾಸಾಶನವು ಮುಟ್ಟುತ್ತಿರುವುದು ಅವರಲ್ಲಿ ಹತ್ತು ಲಕ್ಷಕ್ಕಿಂತಲೂ ಕಡಿಮೆ ಜನರನ್ನು. ಹತ್ತು ಲಕ್ಷವೆಂದೇ ಹಿಡಿದರೂ ವರ್ಷದ ವೆಚ್ಚವು 360 ಕೋಟಿ. ಮೊತ್ತವನ್ನು ಇಮ್ಮಡಿ ಮಾಡಿ 2012ರ ಬೆಲೆಗೆ ಸರಿಗಟ್ಟಿಸಿದರೆ ಬೊಕ್ಕಸದ ಮೇಲೆ ಹೊಸದಾಗಿ ಬೀಳುವ ಹೊರೆಯೂ ಅಷ್ಟೇ. ಒಟ್ಟು ವೆಚ್ಚದ ನೂರು ರೂಪಾಯಿಯಲ್ಲಿ ಒಂದು ಪೈಸೆಯೂ ಅಲ್ಲ. ಇಷ್ಟಕ್ಕೆ ಹಣವಿಲ್ಲವೆಂಬ ಉತ್ತರವನ್ನು ಯಾರು ನಂಬಬೇಕು? ಲೋಕಸಭೆಯ ಗ್ರಾಮೀಣಾಭಿವೃದ್ಧಿಯ ಸ್ಥಾಯೀ ಸಮಿತಿಯು, ಯಾವ ಒಂದು ಪಕ್ಷಕ್ಕೂ ಸೇರದ ಸಮಿತಿ, ಈ ಮೊತ್ತಗಳು ತೀರ ಅಲ್ಪವೆಂದೂ ಹೆಚ್ಚಿಸತಕ್ಕದ್ದೆಂದೂ ಮೇಲಿಂದ ಮೇಲೆ ವರದಿ ಮಾಡಿದೆ. ವರದಿಗಳನ್ನು ಮೇಜಿನ ಮೇಲೆ ಇಡಲಾಗಿದೆ. ಅಲ್ಲಿಯೇ ಇವೆ.

ಇಷ್ಟು ಕಡಿಮೆ ಜನರಿಗೆ ಇದು ಮುಟ್ಟುತ್ತಿರುವುದಕ್ಕೆ ಕಾರಣವು ಯೋಜನೆಯ ನಿಯಮದಲ್ಲಿಯೇ ಇದೆ. ಬಡತನದ ರೇಖೆಯ ಕೆಳಗಿರುವುದಲ್ಲದೆ ಅಂಗವೈಕಲ್ಯವು ಶೇಕಡಾ 80ಕ್ಕೆ ಕಡಿಮೆಯಿರಬಾರದು. ವಯಸ್ಸು 18ಕ್ಕೆ ಕಡಿಮೆಯಿರಬಾರದು. ಪಾರ್ಲಿಮೆಂಟು 2016ರಲ್ಲಿ ಮಾಡಿದ ಅಂಗವಿಕಲರ ಹಕ್ಕುಗಳ ಕಾಯದೆಯು ನೌಕರಿಯ ಮೀಸಲಾತಿಗೂ ಇತರ ಸೌಲಭ್ಯಗಳಿಗೂ ಶೇಕಡಾ 40ನ್ನು ಅಳತೆಗೋಲಾಗಿ ಒಪ್ಪಿಕೊಂಡಿದೆ. ಆದರೆ ಹಸಿವಿಗೆ ಮಾತ್ರ ಅಳತೆಗೋಲು ಎರಡು ಪಟ್ಟು ಉದ್ದವಾಗಿದೆ! ಈ ಶೇಕಡಾವಾರು ಲೆಕ್ಕವು ಏನೆಂಬುದನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕೆಂದು ಬಿನ್ನವಿಸುತ್ತೇವೆ. ಸರಕಾರದ ಮಾಪನಸೂಚಿಯಂತೆ ಮೊಣಕಾಲಿನ ಕೀಲಿನಲ್ಲಿಯೇ ಒಂದು ಕಾಲನ್ನು ಕತ್ತರಿಸಿದ್ದರೆ ಅದು ಶೇಕಡಾ 75. ಮೊಣಕಾಲಿನ ಕೆಳಗೆ ಕತ್ತರಿಸಿದ್ದರೆ 60 ಅಥವಾ 70. ಮೊಣಕೈಯಲ್ಲಿ ಕೈಹೋದವನಿಗೆ 75. ಹೀಗಿರಲು, ಗಾಣಕ್ಕೋ ಕಬ್ಬಿನ ಯಂತ್ರಕ್ಕೋ ಸಿಕ್ಕಿ ಮೊಣಕೈವರೆಗೆ ಕೈಯನ್ನು ಕಳೆದುಕೊಂಡ ಕೂಲಿಯವನು ಕೇಂದ್ರದ ಮಾಸಾಶನದ ಪಾಲಿಗೆ ಅಂಗವಿಕಲನೇ ಅಲ್ಲ. ರಬಕವಿಯಲ್ಲಿಯೋ ಇಳಕಲ್ಲಿನಲ್ಲಿಯೋ ಮಗ್ಗದ ಕುಳಿಯಲ್ಲಿ ಕುಳಿತು ತುಳಿಯುವ ನೇಕಾರನು ಮೊಣಕಾಲಿನ ಕೆಳಗೆ ಒಂದು ಕಾಲನ್ನು ಕಳೆದುಕೊಂಡರೆ ಅವನ ಜೀವನೋಪಾಯವು ನೂರಕ್ಕೆ ನೂರು ಹೋಯಿತು. ಸರಕಾರದ ಪಟ್ಟಿಯಲ್ಲಿ ಅರವತ್ತೋ ಎಪ್ಪತ್ತೋ ಮಾತ್ರ ಹೋಯಿತು. ವೈದ್ಯರ ಮಂಡಲಿಯು ಅಳೆಯುವುದು ದೇಹವನ್ನು. ಅದು ಅವರ ಕೆಲಸ, ಅದರಲ್ಲಿ ಅವರ ತಪ್ಪಿಲ್ಲ. ಆದರೆ ಮಾಸಾಶನವು ದೇಹಕ್ಕೆ ಕೊಡುವ ಬಹುಮಾನವಲ್ಲ, ದುಡಿಮೆ ನಿಂತುಹೋದುದಕ್ಕೆ ಕೊಡುವ ಆಧಾರವು. ಕುಳಿತು ಲೆಕ್ಕ ಬರೆಯುವವನಿಗೂ ನೆಲ ಅಗೆಯುವವನಿಗೂ ಒಂದೇ ಗಾಯದಿಂದ ಆಗುವ ನಷ್ಟವು ಒಂದೇ ಅಲ್ಲವೆಂಬುದನ್ನು ಯಾವ ಪಟ್ಟಿಯೂ ಅರಿಯದು. ಹದಿನೆಂಟಕ್ಕೆ ಕಡಿಮೆ ವಯಸ್ಸಿನವರನ್ನು ಬಿಟ್ಟುದಂತೂ ಇನ್ನೂ ಕಠಿಣವಾದದ್ದು. ಎದ್ದು ಕೂಡಲಾರದ ಮಗುವನ್ನು ಹತ್ತು ವರ್ಷ ಎತ್ತಿ ಇಳಿಸುವ ತಾಯಿಯು ಆ ಹತ್ತು ವರ್ಷವೂ ಕೂಲಿಗೆ ಹೋಗಲಾರಳು. ಅವಳ ಕಳೆದುಹೋದ ಕೂಲಿಯನ್ನು ಕೇಂದ್ರದವರು ಎಣಿಕೆಗೇ ತೆಗೆದುಕೊಂಡಿಲ್ಲ.

ಇದು ಯಾರ ಕರ್ತವ್ಯವೆಂದು ಕೇಳಿದರೆ ಉತ್ತರವು ಎರಡು ಕಡೆಗೆ ಓಡುತ್ತದೆ. ನಿರುದ್ಯೋಗ, ವೃದ್ಧಾಪ್ಯ, ರೋಗ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ಸಹಾಯವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಏರ್ಪಾಡು ಮಾಡತಕ್ಕದ್ದೆಂದು ಸಂವಿಧಾನದ 41ನೆಯ ಅನುಚ್ಛೇದವು ವಿಧಿಸಿದೆ. ಆದರೆ ಏಳನೆಯ ಅನುಸೂಚಿಯಲ್ಲಿ ಅಂಗವಿಕಲರ ಪರಿಹಾರವನ್ನು ರಾಜ್ಯಗಳ ಪಟ್ಟಿಯಲ್ಲಿ 9ನೆಯ ವಿಷಯವಾಗಿಯೂ, ಸಾಮಾಜಿಕ ಭದ್ರತೆಯನ್ನು ಸಮವರ್ತಿ ಪಟ್ಟಿಯಲ್ಲಿ 23ನೆಯ ವಿಷಯವಾಗಿಯೂ ಬರೆದಿಟ್ಟಿದ್ದಾರೆ. ಕೇಳಿದಾಗ ದಿಲ್ಲಿಯವರು ಮೊದಲನೆಯ ಪಟ್ಟಿಯನ್ನು ತೋರಿಸುತ್ತಾರೆ. ರಾಜ್ಯದವರು ಎರಡನೆಯದನ್ನು ತೋರಿಸುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆಯು ಸಿಕ್ಕಲಾರದು.

ಆದರೆ 2016ರ ಕಾಯದೆಯ ತರುವಾಯ ಈ ಓಡಾಟಕ್ಕೆ ಎಡೆಯಿಲ್ಲ. ಅದರ 24ನೆಯ ಕಲಮು ಅಂಗವಿಕಲರ ತಕ್ಕ ಜೀವನಮಟ್ಟಕ್ಕಾಗಿ ಯೋಜನೆಗಳನ್ನು ಮಾಡತಕ್ಕದ್ದೆಂದು ಎರಡೂ ಸರಕಾರಗಳಿಗೆ ಹೇಳುತ್ತದೆ. ಅಲ್ಲಿಯೂ ಆರ್ಥಿಕ ಶಕ್ತಿಯ ಮಿತಿಯೆಂಬ ಮಾತು ಉಂಟು. ಆದರೆ ಅದರ ಕೆಳಗೆ ಒಂದು ಪರಂತುಕವಿದೆ. ಅದನ್ನು ನಮ್ಮ ಅಧಿಕಾರಿವರ್ಗದವರು ಮತ್ತೊಮ್ಮೆ ಓದಿಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ಇಂಥ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ಸಹಾಯದ ಮೊತ್ತವು ಇತರರಿಗೆ ಇರುವ ಅದೇ ಬಗೆಯ ಯೋಜನೆಗಳ ಮೊತ್ತಕ್ಕಿಂತ ಕನಿಷ್ಠ ಪಕ್ಷ ಶೇಕಡಾ 25ರಷ್ಟು ಹೆಚ್ಚಾಗಿರತಕ್ಕದ್ದೆಂದು ಅದರ ತಾತ್ಪರ್ಯ. ಈ ಪರಂತುಕಕ್ಕೆ ಶಕ್ತಿಯ ಮಿತಿಯ ಆತಂಕವಿಲ್ಲ. ಯಾರಿಗೂ ಏನೂ ಕೊಡಲಾರೆವೆಂದು ಸರಕಾರವು ಹೇಳಿದರೆ ಅದು ಬೇರೆ ಮಾತು. ಇತರರಿಗೆ ಕೊಟ್ಟ ಮೇಲೆ ಅಂಗವಿಕಲರಿಗೆ ಕಾಲು ಭಾಗ ಹೆಚ್ಚು ಕೊಡದೆ ಗತ್ಯಂತರವಿಲ್ಲ. ಕಾರಣವೂ ಸ್ಪಷ್ಟವಾಗಿದೆ. ಊರುಗೋಲು, ಗಾಲಿಕುರ್ಚಿ, ಶ್ರವಣಯಂತ್ರ, ಜೊತೆಗೆ ಬರುವ ಆಳು, ಬಸ್ಸು ಹತ್ತಲಾರದ್ದಕ್ಕೆ ಹಿಡಿಯುವ ಆಟೋರಿಕ್ಷಾ ಇವೆಲ್ಲ ಉಳಿದವರಿಗೆ ಇಲ್ಲದ ಖರ್ಚುಗಳು. ಬಡತನವು ಸಮವಾಗಿದ್ದರೂ ಬದುಕಿನ ಬೆಲೆಯು ಸಮವಲ್ಲ.

ಈ ಅಳತೆಯಿಂದ ನಮ್ಮ ಕರ್ನಾಟಕ ಸರಕಾರದ ಲೆಕ್ಕವನ್ನೇ ನೋಡೋಣ. ಪರರ ಮನೆಯ ದೋಷವನ್ನು ಎಣಿಸುವ ಮೊದಲು ಸ್ವಂತ ಮನೆಯನ್ನು ನೋಡಿಕೊಳ್ಳುವುದು ಒಳ್ಳೆಯದು. 2021ರಲ್ಲಿ ಸಂಧ್ಯಾ ಸುರಕ್ಷೆಯ ಮಾಸಾಶನವನ್ನು ಒಂದು ಸಾವಿರದಿಂದ 1,200ಕ್ಕೂ, ವಿಧವಾ ಮಾಸಾಶನವನ್ನು 600ರಿಂದ 800ಕ್ಕೂ, ಶೇಕಡಾ 40ರಿಂದ 75ರ ವರೆಗಿನ ಅಂಗವಿಕಲರ ಮಾಸಾಶನವನ್ನು 600ರಿಂದ 800ಕ್ಕೂ ಏರಿಸಿದರು. ಅದಕ್ಕೂ ಮೇಲಿನ ಅಂಗವೈಕಲ್ಯಕ್ಕೆ ಗೊತ್ತುಪಡಿಸಿದ್ದು 1,400. ಕೇಂದ್ರದ ಪಾಲು ದೊರೆಯುವವರ ವಿಷಯದಲ್ಲಿ ಅದೂ ಇದರೊಳಗೇ ಸೇರಿದ್ದು. ಕೇಂದ್ರಕ್ಕಿಂತ ಇದು ಮೇಲೆಂಬುದನ್ನೂ, ಶೇಕಡಾ 40ರಿಂದಲೇ ಕೊಡಲಾರಂಭಿಸಿದ್ದಾರೆಂಬುದನ್ನೂ ಸಂತೋಷದಿಂದ ಒಪ್ಪಿಕೊಳ್ಳುತ್ತೇವೆ. ಆದರೆ ಕಾಯದೆಯ ಮುಂದೆ ಈ ಅಂಕಿಗಳು ನಿಲ್ಲುವುವೇ? ಅರವತ್ತೈದು ದಾಟಿದ ವೃದ್ಧನಿಗೆ 1,200 ಸಲ್ಲುವಾಗ ಅಂಗವಿಕಲನಿಗೆ ಕನಿಷ್ಠ 1,500 ಸಲ್ಲಬೇಕು. 800 ಎಲ್ಲಿ, 1,500 ಎಲ್ಲಿ? 1,400 ಕೂಡ ನೂರು ರೂಪಾಯಿ ಕಡಿಮೆಯೇ. ವಿಧವೆಯ ಮಾಸಾಶನದೊಡನೆ ಹೋಲಿಸಿದರೂ 800ಕ್ಕೆ 800 ಸಮವಾಯಿತೇ ಹೊರತು ಕಾಲು ಭಾಗ ಹೆಚ್ಚಾಗಲಿಲ್ಲ. ದಿಲ್ಲಿಯ ಪಟ್ಟಿಯಲ್ಲಿಯೂ ಇದೇ ದೋಷವಿದೆ. ಅಲ್ಲಿ ವಿಧವೆಗೂ 300, ಅಂಗವಿಕಲನಿಗೂ 300. ‘ಅದೇ ಬಗೆಯ ಯೋಜನೆ’ ಎಂಬ ಮಾತಿಗೆ ಬೇರೆ ಅರ್ಥ ಹಚ್ಚಿ ವಾದಿಸಲು ಸರಕಾರದ ವಕೀಲರಿಗೆ ಸ್ವಾತಂತ್ರ್ಯವುಂಟು. ಆದರೆ ಒಂದೇ ನಿರ್ದೇಶನಾಲಯವು ಒಂದೇ ಬೊಕ್ಕಸದಿಂದ ಒಬ್ಬನೇ ತಹಸೀಲ್ದಾರನ ಮಂಜೂರಾತಿಯಿಂದ ಕೊಡುವ ಮಾಸಾಶನಗಳು ಒಂದೇ ಬಗೆಯವಲ್ಲವೆಂದು ಸಾಮಾನ್ಯ ಬುದ್ಧಿಯ ಮನುಷ್ಯನನ್ನು ಒಪ್ಪಿಸುವುದು ಕಷ್ಟ.

ನೆರೆಯವರ ಮಾತನ್ನೂ ಹೇಳದಿರಲಾಗದು. ಆಂಧ್ರಪ್ರದೇಶದವರು 2024ರ ಜುಲೈಯಿಂದ ಅಂಗವಿಕಲರ ಮಾಸಾಶನವನ್ನು 3,000ದಿಂದ 6,000ಕ್ಕೆ ಏರಿಸಿದರು. ತೆಲಂಗಾಣದವರು 2023ರಲ್ಲಿಯೇ 4,016 ಮಾಡಿದ್ದರು. ರಾಯಚೂರು ಜಿಲ್ಲೆಯ ಒಂದು ಗಡಿಯಲ್ಲಿ ತುಂಗಭದ್ರೆ, ಇನ್ನೊಂದು ಗಡಿಯಲ್ಲಿ ಕೃಷ್ಣೆ. ತುಂಗಭದ್ರೆಯ ಆಚೆ ದಡದ ಕುರುಡನು 6,000 ಎಣಿಸಿಕೊಂಡರೆ, ಬೇಸಿಗೆಯಲ್ಲಿ ನಡೆದುಕೊಂಡೇ ದಾಟಬಹುದಾದ ಅದೇ ಹೊಳೆಯ ಈಚೆಗೆ ಅವನ ಬೀಗನು 1,400 ಎಣಿಸಿಕೊಳ್ಳುವನು. ಆಂಧ್ರವು ನಮಗಿಂತ ಸಿರಿವಂತ ರಾಜ್ಯವೆಂದು ಯಾರೂ ಹೇಳಲಾರರು. ನಮ್ಮಲ್ಲಿಯೇ 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯು ಮನೆಯ ಒಡತಿಗೆ ತಿಂಗಳಿಗೆ 2,000 ಕೊಡುತ್ತದೆ. ಅದಕ್ಕೆ 2024-25ರಲ್ಲಿ ಇಟ್ಟ ಹಣವು 28,000 ಕೋಟಿಗೂ ಮಿಗಿಲು. ಅದು ಬೇಡವೆಂದು ನಾವು ಹೇಳುತ್ತಿಲ್ಲ. ಎಷ್ಟೋ ಒಲೆಗಳು ಅದರಿಂದ ಉರಿಯುತ್ತಿವೆ. 2011ರ ಗಣತಿಯಂತೆ ರಾಜ್ಯದ ಅಂಗವಿಕಲರು 13 ಲಕ್ಷ 24 ಸಾವಿರ. ಅವರಲ್ಲಿ ಉಳ್ಳವರನ್ನೂ ಇಲ್ಲದವರನ್ನೂ ಬೇರ್ಪಡಿಸದೆ ಒಬ್ಬರನ್ನೂ ಬಿಡದೆ 1,500ರಂತೆ ಕೊಟ್ಟರೂ ವರ್ಷಕ್ಕೆ 2,400 ಕೋಟಿಯೊಳಗೆ ಮುಗಿಯುತ್ತದೆ. ಅದರಲ್ಲಿ ಒಂದು ಭಾಗವನ್ನು ಈಗಾಗಲೇ ಕೊಡುತ್ತಲೂ ಇದ್ದಾರೆ. ಗೃಹಲಕ್ಷ್ಮಿಯ ಹನ್ನೆರಡರಲ್ಲಿ ಒಂದು ಪಾಲು ಅದು. ಹಣವಿಲ್ಲವೆಂಬ ಮಾತು ಇಲ್ಲಿಯೂ ನಿಲ್ಲದು. ಅಂಗವಿಕಲರಿಗೆ ಮತಗಳ ಸಂಖ್ಯೆ ಕಡಿಮೆಯೆಂಬುದೊಂದೇ ಉಳಿಯುವ ಕಾರಣವಾದರೆ ಅದನ್ನು ಬಾಯಿ ಬಿಟ್ಟು ಹೇಳುವವರು ಯಾರು?

ಸುಳ್ಳು ಪ್ರಮಾಣಪತ್ರಗಳ ಮಾತನ್ನು ಕೆಲವರು ಎತ್ತುತ್ತಾರೆ. ಸುಳ್ಳು ಪತ್ರಗಳಿಲ್ಲವೆಂದು ನಾವು ವಾದಿಸುವುದಿಲ್ಲ. ಆಂಧ್ರದಲ್ಲಿ ಮೊತ್ತವು ಏರಿದ ಬಳಿಕ 2025ರಲ್ಲಿ ಪ್ರಮಾಣಪತ್ರಗಳ ಮರುಪರೀಕ್ಷೆ ಕೈಕೊಂಡರು. ಅದು ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. ಪತ್ರವನ್ನು ಕೊಡುವವನು ಸರಕಾರದ ವೈದ್ಯನು, ಪರೀಕ್ಷಿಸುವವನು ಸರಕಾರದ ಅಧಿಕಾರಿಯು. ಲಂಚ ಕೊಟ್ಟು ಪತ್ರ ಪಡೆದವನನ್ನೂ ಕೊಟ್ಟವನನ್ನೂ ಶಿಕ್ಷಿಸಲಿ. ಆದರೆ ಕಳ್ಳ ದವಸ ತಿಂದನೆಂದು ಕಣಜದ ಬಾಗಿಲನ್ನು ಮನೆಯವರಿಗೇ ಮುಚ್ಚುವುದುಂಟೆ? ಪರೀಕ್ಷೆಯ ಹೆಸರಿನಲ್ಲಿ ಆಗುವ ಕಷ್ಟಗಳೇ ಬೇರೆ. ಬೆರಳಚ್ಚು ಇಲ್ಲದೆ ಹಣವಿಲ್ಲವೆಂಬ ಏರ್ಪಾಡಿನಲ್ಲಿ ಕುಷ್ಠರೋಗದಿಂದ ಬೆರಳುಗಳನ್ನು ಕಳೆದುಕೊಂಡವನು ಏನನ್ನು ಒತ್ತಬೇಕು? ಕಣ್ಣಿನ ಗುರುತನ್ನು ಕೇಳುವ ಯಂತ್ರದ ಮುಂದೆ ಆಮ್ಲದಾಳಿಗೆ ಗುರಿಯಾದ ಹೆಣ್ಣುಮಗಳು ಏನನ್ನು ತೋರಿಸಬೇಕು? ಈ ಎರಡನೆಯ ಪ್ರಶ್ನೆಯು ಸುಪ್ರೀಂ ಕೋರ್ಟಿನ ವರೆಗೆ ಹೋಗಿ, ಇಂಥವರಿಗೆ ಅನುಕೂಲವಾದ ಬೇರೆ ದಾರಿಯಿರತಕ್ಕದ್ದೆಂದೂ ಅದು ಜೀವಿಸುವ ಹಕ್ಕಿನ ಭಾಗವೆಂದೂ 2025ರ ಏಪ್ರಿಲ್ 30ರಂದು ತೀರ್ಪಾಯಿತು. ತೀರ್ಪು ನಾಡಕಚೇರಿಯ ಮೆಟ್ಟಿಲ ವರೆಗೆ ಇಳಿದು ಬರಬೇಕಾಗಿದೆ. ಆ ಮೆಟ್ಟಿಲ ಪಕ್ಕದಲ್ಲಿ ಇಳಿಜಾರಿನ ದಾರಿಯೇ ಇಲ್ಲದ ಕಚೇರಿಗಳು ಎಷ್ಟೆಂಬುದನ್ನು ನಮ್ಮ ಅಧಿಕಾರಿ ವಾಚಕರೇ ನಮಗಿಂತ ಚೆನ್ನಾಗಿ ಬಲ್ಲರು.

ಧರ್ಮಾರ್ಥ ಹಣವು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತದೆಂಬ ಹಳೆಯ ಮಾತಿಗೆ ಹೆಚ್ಚು ಉತ್ತರವು ಬೇಕಿಲ್ಲ. ದಿನಕ್ಕೆ ಹತ್ತು ರೂಪಾಯಿಯಿಂದ ಸೋಮಾರಿಯಾಗಿ ಬದುಕುವ ಕಲೆಯನ್ನು ಬಲ್ಲವನಿದ್ದರೆ ಅವನನ್ನು ಅರ್ಥಮಂತ್ರಾಲಯದಲ್ಲಿಯೇ ನೇಮಿಸಿಕೊಳ್ಳಬಹುದು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ನೌಕರರ ರಾಜ್ಯ ವಿಮೆಯ ಕಾಯದೆಯನ್ನು ಮಾಡಿದಾಗ ಕಾರ್ಖಾನೆಯಲ್ಲಿ ಗಾಯಗೊಂಡವನಿಗೆ ಅವನ ಕೂಲಿಗೆ ಅನುಸಾರವಾದ ಪರಿಹಾರವು ಸಲ್ಲಬೇಕೆಂದು ದೇಶವು ಒಪ್ಪಿಕೊಂಡಿತು. ಇಂದು ಆ ವಿಮೆಯಲ್ಲಿ ಅಂಗವೈಕಲ್ಯಕ್ಕೆ ಕೂಲಿಯ ಶೇಕಡಾ 90ರ ಲೆಕ್ಕದಲ್ಲಿ ಪರಿಹಾರ ದೊರೆಯುತ್ತದೆ. ಅವನು ಸೋಮಾರಿಯಾದನೆಂದು ಯಾರೂ ದೂರಲಿಲ್ಲ. ಕಾರ್ಖಾನೆಯ ಗೇಟಿನ ಒಳಗೆ ಕೈಹೋದವನಿಗೆ ಒಂದು ನ್ಯಾಯ, ಹೊಲದ ಬದುವಿನ ಮೇಲೆ ಕೈಹೋದವನಿಗೆ ಇನ್ನೊಂದು. ಇದು ಆರಂಭಕ್ಕೆ ಕ್ಷಮ್ಯವಾಗಿದ್ದಿರಬಹುದು. ಎಪ್ಪತ್ತೇಳು ವರ್ಷಗಳ ತರುವಾಯವೂ ಆರಂಭವೆಂದೇ ಹೇಳುವುದು ಹೇಗೆ?

ಆಗಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಕೇಂದ್ರವು ತನ್ನ ಪಾಲನ್ನು ಕೂಡಲೆ 2012ರ ಬೆಲೆಗೆ ಸರಿದೂಗಿಸಿ, ನೌಕರರ ತುಟ್ಟಿ ಭತ್ಯೆಯನ್ನು ಯಾವ ತಾರೀಖಿಗೆ ಯಾವ ಸೂಚ್ಯಂಕದಿಂದ ಪರಿಷ್ಕರಿಸುವುದೋ ಅದೇ ತಾರೀಖಿಗೆ ಅದೇ ಸೂಚ್ಯಂಕದಿಂದ ಈ ಮಾಸಾಶನವನ್ನೂ ಪರಿಷ್ಕರಿಸುವ ನಿಯಮವನ್ನು ಮಾಡಲಿ. ಶೇಕಡಾ 80ರ ಗೆರೆಯನ್ನು 40ಕ್ಕೆ ಇಳಿಸಲಿ. ಮಕ್ಕಳನ್ನು ಒಳಗೆ ತೆಗೆದುಕೊಳ್ಳಲಿ. ನಮ್ಮ ರಾಜ್ಯದ ಮಟ್ಟಿಗೆ 2016ರ ಕಾಯದೆಯ ಮೇರೆಗೆ ಅಂಗವಿಕಲರ ರಾಜ್ಯ ಆಯುಕ್ತರೆಂಬ ಅಧಿಕಾರಿಯೊಬ್ಬರಿದ್ದಾರೆ. ಕಾಯದೆಗೆ ವಿರುದ್ಧವಾದ ಸರಕಾರಿ ಏರ್ಪಾಡುಗಳನ್ನು ಯಾರೂ ದೂರು ಕೊಡದಿದ್ದರೂ ತಾವಾಗಿಯೇ ಗುರುತಿಸಿ ತಿದ್ದಲು ಸೂಚಿಸುವುದು ಅವರ ಅಧಿಕಾರದಲ್ಲಿದೆ; ಸೂಚನೆಯು ಬಂದ ಮೂರು ತಿಂಗಳೊಳಗೆ ಏನು ಕ್ರಮ ಕೈಕೊಂಡಿತೆಂಬುದನ್ನು ಇಲಾಖೆಯು ಅವರಿಗೆ ತಿಳಿಸಲೇಬೇಕು. 800 ಮತ್ತು 1,200ರ ನಡುವಣ ಅಂತರದ ಬಗ್ಗೆ ಕಂದಾಯ ಇಲಾಖೆಗೆ ಅವರು ಬರೆಯುವ ಪತ್ರಕ್ಕೆ ಒಂದು ಹಾಳೆ ಸಾಕು. ಕನ್ನಡ ನಾಡಿನಿಂದ ಲೋಕಸಭೆಗೆ 28 ಮಂದಿಯೂ ರಾಜ್ಯಸಭೆಗೆ 12 ಮಂದಿಯೂ ಹೋಗಿ ಕುಳಿತಿದ್ದಾರೆ. 2025ರಲ್ಲಿ ತಮ್ಮ ವೇತನವು ಯಾವ ಸೂಚ್ಯಂಕದಿಂದ ಏರಿತೆಂಬುದು ಅವರಿಗೆ ತಿಳಿದೇ ಇದೆ. ಆ ಸೂಚ್ಯಂಕವನ್ನು 300 ರೂಪಾಯಿಗೆ ಏಕೆ ಹಚ್ಚಲಿಲ್ಲವೆಂದು ಪ್ರಶ್ನೋತ್ತರದ ವೇಳೆಯಲ್ಲಿ ಈ ನಾಲ್ವತ್ತು ಜನರಲ್ಲಿ ಒಬ್ಬರಾದರೂ ಎದ್ದು ಕೇಳುವರೋ ಎಂಬುದನ್ನು ಮುಂದಿನ ಅಧಿವೇಶನದಲ್ಲಿ ಕಾದು ನೋಡುತ್ತೇವೆ.